ಮೊಂಡಾಗಿ ಬರುತ್ತಿದ್ದ ಚಾಕು

"ಗುರುಗಳೇ, ಎಷ್ಟು ಹೇಳಿಕೊಟ್ಟರೂ ಕಲಿಯದವನಿಗೆ ಎಲ್ಲಿಯವರೆಗೆ ಹೇಳಿಕೊಡಬೇಕು?" ಎಂದು ಸಿದ್ಧವೀರ ಕೇಳಿದ.

ಅವನು ಕೇಳಿದ್ದು ಮಠದಲ್ಲಿ ತನ್ನ ಜೊತೆಗೇ ಓದುತ್ತಿದ್ದ ಮರುಳಯ್ಯನ ವಿಚಾರ. "ಊರಿಗೆ ಹೋಗಿ ತಾಯಿಯನ್ನು ಮಣ್ಣು ಮಾಡಿ ಬಂದಾಗಿನಿಂದ ಅವನ ತಲೆಗೆ ಏನೂ ಹತ್ತುತ್ತಿಲ್ಲ. ದಿನವೂ ಸಂಜೆ ಬಂದು ಅದೇ ಪಾಠವನ್ನು ಮತ್ತೆ ಹೇಳಿಕೊಡು ಎನ್ನುತ್ತಾನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿದೆ. ಇನ್ನು ಬರಬೇಡ ಎಂದು ಹೇಳಿಬಿಡಲೇ?"

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಮಡಚುವ ಚಾಕುಗಳ ಹುಚ್ಚು. ಅಂಥಿಂಥ ಹುಚ್ಚಲ್ಲ; ಅಂಗಡಿ ಮುಚ್ಚಿ ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಮಸೆಗಲ್ಲು ಇಟ್ಟುಕೊಂಡು ಜಗುಲಿಯ ಮೇಲೆ ಕೂರುತ್ತಿದ್ದ. ಊರಲ್ಲಿ ಅದೇ ಹುಚ್ಚಿನವರು ಇನ್ನೂ ಮೂರು ನಾಲ್ಕು ಮಂದಿ ಇದ್ದರು. ಅವರೂ ಬಂದು ಸೇರುವರು. ಒಬ್ಬನ ಚಾಕುವಿನ ಹಿಡಿಯನ್ನು ಇನ್ನೊಬ್ಬ ಸವರಿ ನೋಡುವುದು, ಅಲಗು ಮಡಚುವಾಗ ಬರುವ ಟಕ್ಕೆಂಬ ಸದ್ದಿಗೆ ತಲೆದೂಗುವುದು, ಮುಂಗೈಯ ಕೂದಲು ಬೋಳಿಸಿ ಹರಿತ ನೋಡುವುದು, ಇದೇ ಅವರ ಸಂಜೆ. "ಇಷ್ಟೆಲ್ಲ ಚಾಕು ಇವೆ, ಒಂದು ಬದನೆಕಾಯಿ ಹೆಚ್ಚಿಕೊಟ್ಟವರಿಲ್ಲ" ಎಂದು ಅವರ ಹೆಂಡಂದಿರು ನಗುತ್ತಿದ್ದರು.

ಹಾಗೆ ಬರುತ್ತಿದ್ದವರಲ್ಲಿ ಒಬ್ಬ ತೋಟಗಾರ. ಅವನಿಗೂ ವ್ಯಾಪಾರಿಗೂ ಬಾಲ್ಯದ ಸ್ನೇಹ. ಹರೆಯದಲ್ಲಿ ಇಬ್ಬರೂ ಪಕ್ಕದೂರಿನ ಕಮ್ಮಾರನಲ್ಲಿಗೆ ನಡೆದು ಹೋಗಿ, ಒಂದೇ ದಿನ ಒಂದೇ ಬಗೆಯ ಎರಡು ಚಾಕು ಮಾಡಿಸಿಕೊಂಡು ಬಂದಿದ್ದರು. ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆ, ಹೆಬ್ಬೆರಳಗಲದ ಅಲಗು.

ತೋಟಗಾರ ಮಾವು, ಸೀಬೆ ಗಿಡಗಳಿಗೆ ಕಸಿ ಕಟ್ಟುವವನು. ಮೊದಲೆಲ್ಲ ಬಿಡುವಾದಾಗ ಬರುತ್ತಿದ್ದವನು ಹೆಂಡತಿ ತೀರಿಕೊಂಡ ಮೇಲೆ ದಿನವೂ ಬರತೊಡಗಿದ. ಬರುವಾಗ ತೋಟದ ಒಂದು ಹಣ್ಣು ತರುವನು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ ಎಂದು ಅದನ್ನು ನೆಲದ ಮೇಲಿಟ್ಟು, "ಮತ್ತೆ ಮೊಂಡಾಯಿತು ಕಣೋ, ಒಂಚೂರು ಮಸೆದುಕೊಡು" ಎನ್ನುವನು. ವ್ಯಾಪಾರಿ ಎತ್ತಿಕೊಂಡು ಬೈಯುತ್ತ ಮಸೆಯುವನು. ಮಸೆದಾದ ಮೇಲೆ ಹರಿತ ನೋಡಲು ಅದೇ ಹಣ್ಣನ್ನು ಎರಡು ಹೋಳು ಮಾಡಿ, ಉಪ್ಪು ಹಚ್ಚಿ, ಇಬ್ಬರೂ ತಿನ್ನುವರು. ಅಷ್ಟು ಹೊತ್ತಿಗೆ ಕತ್ತಲಾಗಿರುತ್ತಿತ್ತು. ತೋಟಗಾರ ಎದ್ದು ಮನೆಗೆ ಹೋಗುವನು.

ಮೊಂಡು ಚಾಕುವಿನಲ್ಲಿ ಕಟ್ಟಿದ ಕಸಿ ಹತ್ತುವುದಿಲ್ಲ. ತೋಟಗಾರ ಕಟ್ಟಿದ ಕಸಿಗಳೆಲ್ಲ ಚಿಗುರುತ್ತಿದ್ದವು. ಎರಡೂ ವ್ಯಾಪಾರಿಗೆ ಗೊತ್ತಿದ್ದ ಸಂಗತಿಗಳೇ. ಆದರೆ ಬೈಯುವವರಿಗೆ ಒಂದು ಅನುಕೂಲವಿದೆ, ಎದುರಿನವನ ಮುಖ ನೋಡಬೇಕಾಗಿಲ್ಲ. ಅವನು ಅಲಗನ್ನು ನೋಡಿಕೊಂಡೇ ಬೈಯುತ್ತಿದ್ದ.

ಮಸೆದಷ್ಟೂ ಉಕ್ಕು ಸವೆಯುತ್ತದೆ. ವರ್ಷಗಳು ಕಳೆದಂತೆ ತೋಟಗಾರನ ಚಾಕುವಿನ ಅಲಗು ಬೇವಿನೆಲೆಯಷ್ಟು ಸಣ್ಣದಾಯಿತು. ಒಂದು ಸಂಜೆ ಎಲ್ಲರೂ ಕೂತಿರುವಾಗ ವ್ಯಾಪಾರಿ ಅದನ್ನೂ ತನ್ನದನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ. ತನ್ನದು ಹೊಸದರಂತೆಯೇ ಇತ್ತು. ಇನ್ನೊಂದನ್ನು ನೋಡಿ ಆದ ಸಂಕಟ ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿತ್ತು.

"ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನಿನ್ನನ್ನು ನೋಡಿಯೇ ಹೇಳಿರಬೇಕು. ಇಂಥ ಚಾಕುವನ್ನು ಹಾಳು ಮಾಡಿಬಿಟ್ಟೆಯಲ್ಲೋ! ಹರಿತ ಉಳಿಸಿಕೊಳ್ಳೋದು ಕಲಿತ ಮೇಲೆ ಬಾ. ಅಲ್ಲಿಯವರೆಗೆ ಈ ಜಗುಲಿ ಹತ್ತಬೇಡ" ಎಂದ.

ಉಳಿದವರು ನಕ್ಕರು. ತೋಟಗಾರನೂ ನಕ್ಕ. "ಆಗಲಿ ಮಾರಾಯ" ಎಂದು ಚಾಕುವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ತಂದ ಹಣ್ಣು ಜಗುಲಿಯ ಮೇಲೇ ಉಳಿಯಿತು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವ್ಯಾಪಾರಿ ಕೆಟ್ಟವನಲ್ಲ. ಗೆಳೆಯನ ಮೇಲೆ ಅವನಿಗೆ ಪ್ರೀತಿಯೇ ಇತ್ತು. ಆದರೆ ತಾನಾಗಿ ಕರೆಯಲು ಹೋದರೆ ಆಡಿದ ಮಾತಿಗೆ ಬೆಲೆಯೇನು, ಕಲಿಯಲಿ, ಕಲಿತು ಬರಲಿ ಎಂದು ಬಿಗಿದುಕೊಂಡು ಕೂತ. ಸಂಜೆಯಾದರೆ ಬೀದಿಯ ಕಡೆ ನೋಡುವುದನ್ನು ಮಾತ್ರ ಬಿಡಲಾಗಲಿಲ್ಲ. ಹಾಗೆ ನೋಡುತ್ತಿರುವಾಗಲೇ ಸೀಬೆಯ ಕಾಲ ಮುಗಿಯಿತು, ಮಾವಿನ ಕಾಲವೂ ಮುಗಿಯಿತು. ಮಳೆಗಾಲದ ಜ್ವರದಲ್ಲಿ ತೋಟಗಾರ ತೀರಿಕೊಂಡ.

ವ್ಯಾಪಾರಿ ಮಣ್ಣಿಗೆ ಹೋಗಿ ಬಂದ. ಮನಸ್ಸು ತಡೆಯದೆ ಕೆಲವು ದಿನ ಬಿಟ್ಟು ಮತ್ತೆ ಆ ಮನೆಗೆ ಹೋದ. ತೋಟಗಾರನ ಮಗಳು ಒಳಗಿನಿಂದ ಚಾಕು ತಂದು, ಅಪ್ಪ ಇಡುತ್ತಿದ್ದ ಹಾಗೆಯೇ ನೆಲದ ಮೇಲಿಟ್ಟಳು. ವ್ಯಾಪಾರಿ ಬಿಚ್ಚಿ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ. ಅಷ್ಟು ಹರಿತವನ್ನು ಅವನ ಕೈ ಕೂಡ ಎಂದೂ ತಂದಿರಲಿಲ್ಲ.

"ಕಡೆಗೂ ಕಲಿತನಲ್ಲ. ಯಾರು ಕಲಿಸಿದರಮ್ಮ?" ಎಂದ.

"ಕಲಿಯೋದೇನು ಮಾವ, ಅಪ್ಪನಿಗೆ ಮೊದಲಿಂದಲೂ ಬರ್ತಿತ್ತು" ಎಂದಳು ಅವಳು. "ನಿಮ್ಮನೆಗೆ ಹೊರಡುವಾಗ ಮಾತ್ರ ಈ ಮೆಟ್ಟಿಲ ಕಲ್ಲಿಗೆ ಉಜ್ಜಿ ಮೊಂಡು ಮಾಡ್ಕೊಂಡು ಬರ್ತಿದ್ದ. ಅವ್ವ ಹೋದ ಮೇಲೆ ಸಂಜೆ ಹೊತ್ತು ಮನೇಲಿರೋಕೆ ಅವನ ಕೈಲಿ ಆಗ್ತಿರಲಿಲ್ಲ. ನೀವು ಬರಬೇಡ ಅಂದ ಮೇಲೆ ಒಂದು ದಿನ ಚೆನ್ನಾಗಿ ಮಸೆದುಕೊಂಡು ಹೊರಟ. ಬೀದಿ ಮೂಲೆವರೆಗೆ ಹೋಗಿ ವಾಪಸ್ ಬಂದುಬಿಟ್ಟ. ಹರಿತವಾಗಿರೋ ಚಾಕು ಹಿಡ್ಕೊಂಡು ಹೋಗಿ ಏನಂತ ಕೇಳಲಿ ಮಗಾ, ಅಂದ."

ವ್ಯಾಪಾರಿ ಮೆಟ್ಟಿಲ ಕಲ್ಲನ್ನು ನೋಡಿದ. ಉಜ್ಜಿ ಉಜ್ಜಿ ಅದರ ಅಂಚಿನಲ್ಲಿ ಬೆರಳು ಕೂರುವಷ್ಟು ಆಳವಾದ ಒಂದು ಗೀರು ಬಿದ್ದಿತ್ತು. ಅವನು ಅಲ್ಲೇ ಕೂತು ಅತ್ತ. ಅತ್ತು ಮುಗಿದ ಮೇಲೆ ಸೊಂಟದಿಂದ ತನ್ನ ಚಾಕು ತೆಗೆದು, ಅಷ್ಟು ವರ್ಷ ಕಾಪಾಡಿದ ಅಲಗನ್ನು ಆ ಗೀರಿನಲ್ಲಿಟ್ಟು ಪೂರ್ತಿ ಮೊಂಡಾಗುವವರೆಗೆ ಉಜ್ಜಿದ. ಅದನ್ನು ಹಿಡಿದುಕೊಂಡು ಹೋಗಲು ಅವನಿಗೆ ಯಾರ ಜಗುಲಿಯೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರನ ಕಣ್ಣು ಒದ್ದೆಯಾಗಿತ್ತು.

"ಅಷ್ಟು ವರ್ಷ ಎದುರಿಗೇ ಕೂತಿದ್ದರೂ ಆ ವ್ಯಾಪಾರಿಗೆ ಅದು ಹೊಳೆಯಲಿಲ್ಲವೇ, ಗುರುಗಳೇ?" ಎಂದ.

ಗುರುಗಳು ಹೇಳಿದರು: "ನಿನ್ನೆ ಬೆಳಿಗ್ಗೆ ಮರುಳಯ್ಯ ನೀನು ಹೇಳಿಕೊಡುವ ಆ ಪಾಠವನ್ನು ನನಗೆ ಒಪ್ಪಿಸಿದ, ಒಂದಕ್ಷರವೂ ತಪ್ಪಲಿಲ್ಲ."