ಬೆಟ್ಟದ ಗಿಡಗಳೂ ಹೊಂಬಾಳವ್ವನ ಮಗನೂ

ಹತ್ತಿರ ಬನ್ರಪ್ಪ, ಹೇಳ್ತೀನಿ. ಮಂಜುಗಲ್ಲು ಬೆಟ್ಟದ ಬುಡದಲ್ಲಿ ಹೊಂಬಾಳವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಉಳಿದವನು ಒಬ್ಬನೇ ಮಗ, ಮುದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಗೋಳು. ‘ನಾನು ಕಣ್ಮುಚ್ಚಿದರೆ ಇವನ ಗತಿ ಏನಪ್ಪ!’ ಅಂತ ದಿನಾ ಕೊರಗೋಳು.

ಮುದ್ದ ಹೋಗ್ತಿದ್ದ ಊರ ಶಾಲೆಗೆ ಸರ್ವಮಂಗಳ ಟೀಚರ್ ಬಂದರು. ಬೆಟ್ಟದ ನೆತ್ತಿಯಲ್ಲಿ, ಚಳಿಗಾಳಿಯಲ್ಲಿ, ಬಂಡೆಸಂದಿನಲ್ಲಿ ಬೆರಳುದ್ದ ಬೆಳೆದು ಹೂಬಿಡೋ ಗಿಡಗಳು ಅಂದರೆ ಅವರಿಗೆ ಪ್ರಾಣ. ಊರ ಮಕ್ಕಳೋ, ಕಂಡಕಂಡಲ್ಲಿ ಕಿತ್ತು ಎಸೆಯೋರು.

‘ಒಬ್ಬೊಬ್ಬರಿಗೂ ಒಂದೊಂದು ಗಿಡ ಕೊಡ್ತೀನಿ, ಸಾಕಿ’ ಅಂದರು ಟೀಚರ್. ‘ಯುಗಾದಿ ಕಳೆದ ಮೇಲೆ ಪ್ರದರ್ಶನ. ಗಿಡದ ಮುಂದೆ ನಿಮ್ಮ ಹೆಸರಿನ ಚೀಟಿ!’

ಮಗನ ಹೆಸರಿನ ಚೀಟಿ! ಹೊಂಬಾಳವ್ವನಿಗೆ ಒಂದು ಆಸೆ ಹುಟ್ಟಿತು.

‘ಮಗೂ ಥರ ನೋಡ್ಕೋ ಮುದ್ದ’ ಅಂತ ಹೇಳಿ ಟೀಚರ್ ಗಿಡ ಕೊಟ್ಟರು. ಮುದ್ದ ಮನೆಗೆ ತಂದ. ಎಣ್ಣೆ ಹಚ್ಚಿದ. ಹಂಡೆಯ ಬಿಸಿನೀರು ಹುಯ್ದ. ಸಾಂಬ್ರಾಣಿ ಹೊಗೆ ಹಾಕಿದ. ಹಳೇ ಸೀರೆ ಸುತ್ತಿ ಮಲಗಿಸಿದ. ಗಿಡ ಬೆಂದುಹೋಯಿತು.

‘ಅಯ್ಯೋ ಪೆದ್ದೇ! ಗಿಡಕ್ಕೆ ಬಿಸಿನೀರು ಹುಯ್ತಾರೇನೋ! ತಣ್ಣಗಿಡಬೇಕು ಕಣೋ, ತಣ್ಣಗೆ!’ ಅಂದಳು ಅವ್ವ.

‘ಆಗಲವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ.’

ಟೀಚರ್ ಬೈಯಲಿಲ್ಲ. ಈ ಸಲ ಬೀಜ ಕೊಟ್ಟರು. ಮುದ್ದ ಬೀಜ ತಂದ. ಬಟ್ಟೆಯಲ್ಲಿ ಕಟ್ಟಿದ. ತಣ್ಣಗಿರಲಿ ಅಂತ ಬಾವಿಯೊಳಗೆ ಇಳಿಬಿಟ್ಟ. ಎಂಟು ದಿನಕ್ಕೆ ಕೊಳೆತು ನಾರಿತು.

‘ಅಯ್ಯೋ ಪೆದ್ದೇ! ಬೀಜ ಬಾವಿಗೆ ಬಿಡ್ತಾರೇನೋ! ಮಣ್ಣಲ್ಲಿ ಹೂತು ಮೇಲೆ ನಾಕು ಕಲ್ಲು ಇಡಬೇಕು ಕಣೋ!’

‘ಆಗಲವ್ವ, ಇನ್ನೊಂದ್ಸಲ ಹಂಗೇ ಮಾಡ್ತೀನಿ.’

ಟೀಚರ್ ತಾವೇ ಬೆಟ್ಟ ಹತ್ತಿ, ಹೂಬಿಟ್ಟಿದ್ದ ಗಿಡ ತಂದುಕೊಟ್ಟರು. ನೀಲಿ ಹೂವು, ಮೂರೇ ಮೂರು. ಮುದ್ದ ಗುಂಡಿ ತೋಡಿದ. ಹೂವಿನ ಸಮೇತ ಹೂತ. ಮೇಲೆ ನಾಕು ಕಲ್ಲು ಇಟ್ಟ. ಕೂಲಿಯಿಂದ ಬಂದ ಹೊಂಬಾಳವ್ವ ನೋಡಿದಳು. ಗಂಡನನ್ನ ಮಣ್ಣು ಮಾಡಿದ ಜಾಗವೂ ಹಂಗೇ ಇತ್ತು.

‘ನಿನ್ನ ಕೈಯಲ್ಲಿ ಅವು ಬದುಕಲ್ಲ ಕಣೋ! ಇನ್ನು ಬೆಟ್ಟದ ಗಿಡ ಕಂಡರೆ ತಗೊಂಡು ಹೋಗಿ ಬೆಟ್ಟದ ಮೇಲೇ ನೆಟ್ಟು ಬಾ!’

‘ಆಗಲವ್ವ, ಹಂಗೇ ಮಾಡ್ತೀನಿ.’

ಪ್ರದರ್ಶನದ ದಿನ ಬಂತು. ಕಿತ್ತೆಸೆಯುತ್ತಿದ್ದ ಮಕ್ಕಳೇ ಗಿಡಗಳನ್ನ ಎದೆಗೆ ಅವುಚಿಕೊಂಡು ಬಂದರು. ಬೆಂಚಿನ ಮೇಲೆ ಸಾಲಾಗಿ ಮೂವತ್ತೊಂದು ಕುಂಡ. ಗಿಡವಿಲ್ಲದ ಮುದ್ದನಿಗೆ ಬೇಜಾರಾಗಬಾರದು ಅಂತ ಟೀಚರ್ ಅವನಿಗೂ ಒಂದು ಚೀಟಿ ಬರೆದರು: ‘ಮುದ್ದ, ಕಾವಲುಗಾರ.’ ಕೋಣೆ ಕಾಯೋಕೆ ಅವನನ್ನ ಬಿಟ್ಟು, ದೂರದ ಶಾಲೆಗಳಿಂದ ಬರೋ ಮಕ್ಕಳನ್ನ ಕರೆತರಲು ಎಲ್ಲರೂ ಬಸ್ಸಿನ ದಾರಿಗೆ ಹೋದರು. ಬಸ್ಸು ಮಧ್ಯಾಹ್ನವಾದರೂ ಬರಲಿಲ್ಲ.

ಕಾದು ಕಾದು ಎಲ್ಲರೂ ವಾಪಸ್ ಬಂದು ನೋಡಿದರೆ ಬೆಂಚಿನ ಮೇಲೆ ಚೀಟಿಗಳಿವೆ, ಗಿಡಗಳಿಲ್ಲ! ಕುಂಡಗಳು ಖಾಲಿ!

‘ನನ್ನ ಗಿಡ ಎಲ್ಲಿ?’ ಅಂತ ಒಂದು ಮಗು ಅತ್ತಿತು. ಆಮೇಲೆ ಎಲ್ಲವೂ ಅತ್ತವು. ಟೀಚರ್ ಬಾಗಿಲಲ್ಲೇ ನಿಂತುಬಿಟ್ಟರು.

ಮಗನ ಚೀಟಿ ನೋಡೋಕೆ ಒಳ್ಳೇ ಸೀರೆ ಉಟ್ಟು ಬಂದಿದ್ದ ಹೊಂಬಾಳವ್ವನಿಗೆ ಗೊತ್ತಾಯಿತು. ಏದುಸಿರು ಬಿಡುತ್ತಾ ಬೆಟ್ಟ ಹತ್ತಿದಳು. ನೆತ್ತಿಯಲ್ಲಿ ಮುದ್ದ, ಗಿಡಗಳನ್ನ ಹೊತ್ತು ತಂದಿದ್ದ ಮಂಕರಿ ಬುಟ್ಟಿಯನ್ನ ಖಾಲಿ ಮಾಡಿ ಪಕ್ಕದಲ್ಲಿಟ್ಟುಕೊಂಡು ಕೊನೇ ಗಿಡ ನೆಡುತ್ತಿದ್ದ. ಬೆರಳೆಲ್ಲ ರಕ್ತ.

‘ಅವ್ವಾ! ಎಲ್ಲಾನೂ ನೆಟ್ಟೆ! ಒಂದನ್ನೂ ಬಿಡಲಿಲ್ಲ!’

ಹೊಡೆಯೋಕೆ ಎತ್ತಿದ ಕೈ ತಾನಾಗಿ ಇಳಿಯಿತು. ‘ನಡಿ ಮನೆಗೆ. ಇನ್ನು ಆ ಮಕ್ಕಳಿಗೆ ಮುಖ ತೋರಿಸಬೇಡ ಕಣೋ.’

‘ಆಗಲವ್ವ.’

ಮುದ್ದ ಮಂಕರಿಯನ್ನ ತಲೆಗೆ ಕವುಚಿಕೊಂಡ. ಕುತ್ತಿಗೆವರೆಗೂ. ದಾರಿ ಕಾಣದೆ ಎಡವಿದ. ಅವ್ವ ಕೈ ಹಿಡಿದು ಇಳಿಸಿದಳು. ದಾರಿ ಇದ್ದದ್ದು ಶಾಲೆಯ ಮುಂದೆಯೇ. ಅಳುತ್ತಿದ್ದ ಮಕ್ಕಳು ನೋಡಿ ಗೊಳ್ಳೆಂದು ನಕ್ಕರು. ಹೊಂಬಾಳವ್ವ ತಲೆ ಎತ್ತಲಿಲ್ಲ.

ಮಂಕರಿಯೊಳಗಿಂದ ದನಿ ಬಂತು: ‘ಅವ್ವಾ, ಎಲ್ಲಾರೂ ನಗ್ತಾವ್ರೆ. ಈ ಸಲ ಸರಿಯಾಗಿ ಮಾಡಿದ್ನಾ?’

‘ಸರಿಯಾಗೇ ಮಾಡಿದೆ ಕಣಪ್ಪ’ ಅಂದಳು ಅವ್ವ, ಕೈ ಬಿಡದೆ.