ಕಡ್ಡಿ ಕೊಟ್ಟು ನಿಲ್ಲಿಸಿದ ಪಾರಿವಾಳ

"ಗುರುಗಳೇ, ನನ್ನ ತಮ್ಮ ಸುಳ್ಳು ಹೇಳುತ್ತಾನೆ. ಹಿಡಿದಷ್ಟೂ ಅವನ ಸುಳ್ಳು ಹೆಚ್ಚುತ್ತಿದೆ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ದಾರಿ ನಡೆಯುತ್ತಿದ್ದ ಗುರುಗಳು ನಿಂತರು. "ಹಿಡಿದ ಮೇಲೆ ಏನು ಮಾಡುತ್ತೀಯೆ?"

"ಬಿಡುವುದಿಲ್ಲ. ಹಿಂದಿನದನ್ನೂ ಎತ್ತಿ ಅವನೆದುರಿಗೆ ಇಡುತ್ತೇನೆ. ಮೊನ್ನೆ ಸಂತೆಯಿಂದ ತಡವಾಗಿ ಬಂದು, ಗಾಡಿ ಕೆಟ್ಟಿತು ಅಂದ. ನಾನು, 'ಚಿಕ್ಕವನಿದ್ದಾಗ ಕಂಬಳಿ ಕಳೆದುಕೊಂಡು ಬಂದು, ನಾಯಿ ಎಳೆದುಕೊಂಡು ಹೋಯಿತು ಅಂದಿದ್ದೆಯಲ್ಲ, ಇದೂ ಅಂಥದ್ದೇ' ಅಂದೆ. ಅಂದಿನಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಿದ್ದಾನೆ. ತಾಯಿ ಇಲ್ಲದವನು ಗುರುಗಳೇ, ನಾನೇ ತುತ್ತು ಕೊಟ್ಟು ಬೆಳೆಸಿದವನು. ಅವನಿಗೆ ಒಳ್ಳೆಯದಾಗಲಿ ಅಂತಲೇ ಹೇಳುತ್ತೇನೆ."

"ಗೊತ್ತಪ್ಪ, ಗೊತ್ತು" ಎಂದು ಗುರುಗಳು ಅವನನ್ನು ಬದುವಿನ ಮೇಲೆ ಕೂರಿಸಿ, ತಾವೂ ಕೂತು ಹೇಳಿದರು:

ಒಬ್ಬ ರೈತನಿದ್ದ. ಜೋಳದ ಹೊಲವೆಂದರೆ ಅವನಿಗೆ ಪ್ರಾಣ. ಆ ವರ್ಷ ಪೈರು ಆಳೆತ್ತರ ಮೀರಿ ನಿಂತಿತ್ತು. ತೆನೆ ಬಲಿತಾಗ ಪಾರಿವಾಳಗಳು ಬಂದವು. ಪಾರಿವಾಳ ಗಿಣಿಯ ಹಾಗೆ ತೆನೆಗೆ ಜೋತುಬೀಳುವ ಹಕ್ಕಿಯಲ್ಲ. ಅದಕ್ಕೆ ಕಾಲೂರಲು ನೆಲ ಬೇಕು. ಎತ್ತರದ ಪೈರಿನೊಳಗೆ ಇಳಿಯಲಾರದೆ, ಬದುವಿನ ಪಕ್ಕ ಉದುರಿದ ನಾಲ್ಕು ಕಾಳು ಹೆಕ್ಕಿಕೊಂಡು ಹೋಗುತ್ತಿದ್ದವು.

ರೈತನಿಗೆ ಅಷ್ಟೂ ಸಹಿಸಲಾಗಲಿಲ್ಲ. ಕೋವಿ ತಂದ. ಮನೆಯಲ್ಲಿ ಸಾಕಿದ್ದ ಪಾರಿವಾಳದ ಕಾಲಿಗೆ ದಾರ ಕಟ್ಟಿ ಹೊಲದ ನಡುವೆ ಬಿಟ್ಟ. ಅದನ್ನು ನೋಡಿ ಉಳಿದವು ಇಳಿಯುತ್ತವೆ, ಹೊಡೆಯಬಹುದು ಎಂದುಕೊಂಡ. ಪೈರಿನ ಮರೆಯಲ್ಲಿ ಅದು ಮೇಲೆ ಹಾರುವವುಗಳಿಗೆ ಕಾಣಲೇ ಇಲ್ಲ. ಸುತ್ತಲಿನ ದಂಟು ಬಗ್ಗಿಸಿ ಒಂದಿಷ್ಟು ಜಾಗ ಮಾಡಿದ. ಆಗ ಇಳಿದವು.

ಗುಂಡು ತಗಲಿದ ಹಕ್ಕಿ ಸತ್ತು ಪೈರಿನೊಳಗೆ ಬಿತ್ತು. ದಂಟು ತುಳಿದುಕೊಂಡು ಹೋಗಿ ಹುಡುಕಿದ. ಸಿಕ್ಕಿದ್ದನ್ನು ಚೀಲಕ್ಕೆ ಹಾಕಲಿಲ್ಲ. ಕೊರಳ ಕೆಳಗೆ ಕಡ್ಡಿ ಕೊಟ್ಟು, ಜೀವಂತವಾಗಿ ಕಾಳು ತಿನ್ನುತ್ತಿದೆಯೇನೋ ಅನ್ನುವ ಹಾಗೆ ನಿಲ್ಲಿಸಿದ. ಒಂದಿದ್ದದ್ದು ಎರಡಾಯಿತು. ಎರಡನ್ನು ಕಂಡು ಹಿಂಡೇ ಬಂತು. ಮತ್ತೆ ಹೊಡೆದ, ಮತ್ತೆ ತುಳಿದು ಹುಡುಕಿದ, ಮತ್ತೆ ಕಡ್ಡಿ ಕೊಟ್ಟು ನಿಲ್ಲಿಸಿದ. ದಿನವೂ ಅದೇ ಕೆಲಸ.

ಹೆಂಡತಿ ಬುತ್ತಿ ತಂದಳು. ಆಕಾಶ ನೋಡಿದಳು.

"ಏನ್ರೀ, ಹೊಲ ಕಾಯ್ತಿದ್ದೀರೋ, ಪಾರಿವಾಳಗಳಿಗೆ ಮದುವೆ ಊಟ ಹಾಕಿಸ್ತಿದ್ದೀರೋ? ಸುತ್ತಲ ಊರಿನವೆಲ್ಲ ಇಲ್ಲೇ ಇವೆ!"

"ಸುಮ್ನಿರೇ, ನಿಂಗೇನು ಗೊತ್ತು. ನೋಡ್ತಿರು, ಒಂದನ್ನೂ ಬಿಡಲ್ಲ."

"ಬಿಡ್ಬೇಡಿ. ರೊಟ್ಟಿ ಆರ್ತಿದೆ, ಮೊದಲು ಅದನ್ನ ಬಿಡ್ಬೇಡಿ" ಎಂದು ಆಕೆ ಬುತ್ತಿ ಬಿಚ್ಚಿದಳು.

ಕುಯ್ಲಿನ ದಿನ ಬಂತು. ಇಬ್ಬರೂ ಕುಡುಗೋಲು ಹಿಡಿದು ಒಳಗೆ ಹೋದರು. ಅಂಚಿನಲ್ಲಿ ಎರಡು ಸಾಲು ಪೈರು ಗೋಡೆಯಂತೆ ನಿಂತಿತ್ತು. ಅದರ ಆಚೆ ಕಣ ಮಾಡಿದ ಹಾಗೆ ಬಯಲು. ದಂಟೆಲ್ಲ ನೆಲಕ್ಕೆ ಹಾಸಿತ್ತು, ತೆನೆಗಳು ಬರಿದಾಗಿದ್ದವು.

ರೈತನಿಗೆ ಅಳು ಬಂತು. "ನೋಡೇ, ಹಾಳು ಪಾರಿವಾಳಗಳು ಮಾಡಿದ ಕೆಲಸ!"

ಆಕೆ ಬಗ್ಗಿ ನೆಲ ನೋಡಿದಳು. ಒಣಗಿದ ಮಣ್ಣಿನ ತುಂಬ ಹೆಜ್ಜೆಯ ಗುರುತು.

"ಇಷ್ಟು ದೊಡ್ಡ ಪಾದ ಯಾವ ಪಾರಿವಾಳಕ್ಕಿದೆ, ಹೇಳಿ?"

ರೈತ ತನ್ನ ಕಾಲು ನೋಡಿಕೊಂಡ. ಕುಡುಗೋಲು ಕೆಳಗಿಟ್ಟು ಅಲ್ಲೇ ಕೂತ. ಆಕೆ ಬಯ್ಯಲಿಲ್ಲ. ಪಕ್ಕದಲ್ಲಿ ಕೂತು, ಅವನ ತಲೆಗೂದಲಿಗೆ ಸಿಕ್ಕಿಕೊಂಡಿದ್ದ ಗರಿಯನ್ನು ಮೆಲ್ಲನೆ ಬಿಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಪಾರಿವಾಳ ಕಾಳು ತಿಂದದ್ದಂತೂ ನಿಜ ತಾನೇ?"

"ನಿಜ. ಬದುವಿನ ಪಕ್ಕದ ನಾಲ್ಕು ಕಾಳು" ಎಂದ ಗುರುಗಳು ಎದ್ದು, ಅವನ ಹೆಗಲ ಮೇಲೆ ಕೈಯಿಟ್ಟರು.

"ಆ ಕಂಬಳಿಯ ಸುಳ್ಳು ಎಂದೋ ಸತ್ತಿತ್ತಲ್ಲಪ್ಪ, ಅದಕ್ಕೆ ಕಡ್ಡಿ ಕೊಟ್ಟು ನಿಲ್ಲಿಸಿದವರು ಯಾರು?"