ಗೇಟಿನ ಬಳಿ ಸಿಕ್ಕ ಪೆನ್‌ಡ್ರೈವ್

ಕಚೇರಿಯ ಗೇಟಿನ ಬಳಿ ಬಿದ್ದಿದ್ದ ಪೆನ್‌ಡ್ರೈವ್ ಒಂದನ್ನು ಗುಮಾಸ್ತೆ ನೀಲಾಂಬಿಕೆ ಎತ್ತಿಕೊಂಡು ಬಂದಳು. ಪಾಪ, ಯಾರದೋ ಏನೋ, ಒಳಗೆ ಹೆಸರಿದ್ದರೆ ತಲುಪಿಸೋಣ ಎಂದು ಅವಳ ಆಸೆ. ಪೆನ್‌ಡ್ರೈವಿಗೂ ಅಷ್ಟೇ ಬೇಕಿತ್ತು. ಯಜಮಾನ ತನ್ನನ್ನು ಹುಡುಕಿ ಹುಡುಕಿ ಸೋತಿರಬೇಕೆಂದು ಅದು ಬೆಳಗಿನಿಂದ ಒದ್ದಾಡುತ್ತಿತ್ತು.

ಅವಳು ಸಿಕ್ಕಿಸಲು ಹೋದಾಗ ಮೇಜಿನ ಮೇಲಿನ ಕಂಪ್ಯೂಟರು ಅದನ್ನು ತಡೆಯಿತು. "ನಿನ್ನೊಳಗೆ ಏನಿದೆ?"

"ಗೊತ್ತಿಲ್ಲಣ್ಣ. ತುಂಬಿದ್ದನ್ನು ಹೊರುವುದಷ್ಟೇ ನನ್ನ ಕೆಲಸ. ತೆರೆದು ನೋಡಿದರೆ ನನ್ನ ಮನೆ ಯಾವುದೆಂದು ತಿಳಿದೀತು."

"ಇಲ್ಲಿ ನಾವೆಲ್ಲ ಒಂದೇ ತಂತಿಗೆ ಕಟ್ಟಿಕೊಂಡವರು. ಊರಿನ ಪಿಂಚಣಿದಾರರ ಖಾತೆಗಳೆಲ್ಲ ನಮ್ಮ ಹೊಟ್ಟೆಯಲ್ಲಿವೆ. ನಿನ್ನನ್ನು ನಂಬಬಹುದು, ನಿನ್ನೊಳಗಿನದನ್ನು ನಂಬಲಾರೆ," ಎಂದ ಕಂಪ್ಯೂಟರು ಬಾಗಿಲು ತೆರೆಯಲಿಲ್ಲ.

ಪೆನ್‌ಡ್ರೈವಿಗೆ ಅಳುವೇ ಬಂತು. ಆಗ ಮೂಲೆಯಲ್ಲಿ ಆ ಜಾಲದ ತಂತಿ ಕಿತ್ತು ಕೂರಿಸಿದ್ದ ಹಳೇ ಕಂಪ್ಯೂಟರು ಕರೆಯಿತು. "ಇಲ್ಲಿ ಬಾ ಮಗು. ನನ್ನಲ್ಲಿ ಕದಿಯುವುದಕ್ಕೆ ಏನೂ ಇಲ್ಲ, ನನಗೆ ಯಾರ ಸಂಪರ್ಕವೂ ಇಲ್ಲ. ಕೆಟ್ಟರೆ ನಾನೊಬ್ಬನೇ ಕೆಡುತ್ತೇನೆ."

ನೀಲಾಂಬಿಕೆ ಪೆನ್‌ಡ್ರೈವನ್ನು ಅಲ್ಲಿ ಸಿಕ್ಕಿಸಿದಳು. ಹಳೇ ಕಂಪ್ಯೂಟರು ಒಳಗೆಲ್ಲ ತಡಕಾಡಿತು. ಹೆಸರಿರಲಿಲ್ಲ, ವಿಳಾಸವಿರಲಿಲ್ಲ, ಇದ್ದದ್ದು ಪಾಸ್‌ವರ್ಡುಗಳನ್ನು ಕದ್ದು ಸಾಗಿಸುವ ವೈರಸ್ ಮಾತ್ರ. ಹಳೆಯದರ ಪರದೆ ಮೆಲ್ಲಗೆ ಕಪ್ಪಾಗತೊಡಗಿತು.

"ಅಯ್ಯೋ, ನಿನ್ನನ್ನು ಕೊಂದುಬಿಟ್ಟೆನಲ್ಲಾ! ನನ್ನ ಯಜಮಾನನಿಗೆ ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾನೋ," ಎಂದು ಪೆನ್‌ಡ್ರೈವ್ ಗೋಳಾಡಿತು.

"ಅವನು ನಿನ್ನನ್ನು ಹುಡುಕುತ್ತಿಲ್ಲ ಮಗು," ಎಂದಿತು ಹಳೇ ಕಂಪ್ಯೂಟರು. "ನೀನು ಅವನ ಜೇಬಿನಿಂದ ಜಾರಿ ಬಿದ್ದವನಲ್ಲ. ಯಾರಾದರೂ ಪಾಪ ಎಂದು ಎತ್ತಿಕೊಳ್ಳಲಿ ಅಂತ ಅವನೇ ನಿನ್ನನ್ನು ಅಲ್ಲಿ ಬೀಳಿಸಿ ಹೋದದ್ದು."